ಜೂನ್ ತಿಂಗಳ ಕಲ್ಲಿದ್ದಲು

ಉರಿಬಿಸಿಲಲ್ಲಿ ಗಡಿ ದಾಟಿ ಬಂದ ಉಜ್ಬೆಕ್ ರೈತ ಎರ್ಗಶ್, ಕಾಲುವೆಯ ತೂಬು ಕಾಯುವ ಕಿರ್ಗಿಜ್ ಹೆಂಗಸು ಜಿಪಾರಾಳ ಮುಂದೆ ಸೈಕಲ್ಲಿನಿಂದ ಒಂದು ಮೂಟೆ ಕಲ್ಲಿದ್ದಲು ಇಳಿಸಿದ.

"ಈ ಬಿಸಿಲಲ್ಲಿ ಕಲ್ಲಿದ್ದಲಾ? ತಲೆ ಕೆಟ್ಟಿದೆಯಾ ಅಣ್ಣ?"

"ನಮ್ಮನೆ ಒಲೇದು, ತಂಗಿ. ತಡವಾಯ್ತು."

ಬೇಸಿಗೆಗೆ ಮೇಲಿನ ಕಿರ್ಗಿಜರ ನೀರು, ಚಳಿಗಾಲಕ್ಕೆ ಕೆಳಗಿನ ಉಜ್ಬೆಕರ ಕಲ್ಲಿದ್ದಲು ಎಂಬುದು ಎರಡು ದೇಶಗಳ ಒಪ್ಪಂದ. ಕಳೆದ ಚಳಿಗಾಲ ಕಲ್ಲಿದ್ದಲು ಬರಲಿಲ್ಲ. ಜಿಪಾರಾಳ ಮಕ್ಕಳು ಕೋಟು ಹಾಕಿಕೊಂಡೇ ಮಲಗಿದರು. ಅದಕ್ಕೇ ಅವಳು ನೀರು ಬಿಟ್ಟಿರಲಿಲ್ಲ. ಕೆಳಗೆ ಅವನೂರಿನ ಭತ್ತದ ಸಸಿಗಳು ಒಣಗುತ್ತಿದ್ದವು.

"ಒಂದು ಮೂಟೆಗೆ ಒಂದೇ ಬಿಂದಿಗೆ ನೀರು."

"ಕುದುರೆ ಹಾಲು ಕುಡಿಯೋ ಕಿರ್ಗಿಜರಿಗೆ ಚೌಕಾಸಿ ಯಾರು ಕಲಿಸಿದ್ರು?"

"ನಿಮ್ಮ ಉಜ್ಬೆಕ್ ಸಂತೆಯೋರೇ!"

ಅವನು ನಗಲಿಲ್ಲ. ಮಸಿ ಹಿಡಿದ ಅಂಗೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ ನಿಂತ. ಜಿಪಾರಾ ಆ ಕೈಗಳನ್ನೇ ನೋಡಿದಳು.

"ಒರೆಸ್ಕೊಂಡಿದ್ದು ಸಾಕು, ಚಕ್ರದ ಆ ಕಡೆ ಹಿಡ್ಕೋ. ಒಬ್ಬರ ಕೈಗೆ ಈ ತೂಬು ಏಳಲ್ಲ."