ಇನ್ನೊಬ್ಬಾಕಿ

“ಸಾಕಿನ್ನ ಸಾವಿತ್ರೀ, ಕತ್ತರಿ ಇತ್ತ ಕೊಡು. ದತ್ತಾನ ಕೈ ನೆಟ್ಟಗಾತಲ್ಲ,” ಎಂದು ಭಾವ ಬೀರದೇವ ಕೈ ಚಾಚಿದ.

ಸಾವಿತ್ರವ್ವ ಕೊಡಲಿಲ್ಲ. ಕಾಲು ಕಟ್ಟಿದ ಕುರಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಉಣ್ಣೆ ಕತ್ತರಿಸುತ್ತಲೇ ಇದ್ದಳು. ಶೇಗಾಂವದ ಕುರಿಹಟ್ಟಿಗಳಲ್ಲಿ ಕತ್ತರಿ ಗಂಡಸರದು. ಉಣ್ಣೆ ಆರಿಸುವುದು, ನೂಲುವುದು ಹೆಂಗಸರದು. ಗಂಡ ದತ್ತಾನ ಮಣಿಕಟ್ಟು ಮುರಿದಾಗ ಬೇರೆ ದಾರಿಯಿಲ್ಲದೆ ಹಿಡಿದಿದ್ದಳು. ಈಗ ಚರ್ಮಕ್ಕೆ ತಾಗದಂತೆ ಕತ್ತರಿ ಸರಿಯುವಾಗ ಸಿಗುವ ನಿರಾಳ ಅವಳಿಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ. ಅದನ್ನು ಬಿಟ್ಟುಕೊಡುವುದೆಂತು?

ಮಗಳು ಪ್ರಾಜಕ್ತಾ ಗೋಡೆಗೊರಗಿ, ಜತ್ತದ ಕಾಲೇಜಿನಲ್ಲಿ ಮಾಡಬೇಕಾದ ಇಂಗ್ಲಿಷ್ ಭಾಷಣ ಬರೆಯುತ್ತಿದ್ದಳು. ವಿಷಯ ಅವ್ವನೇ.

“ಅವ್ವಾ, ನಿನಗ ಯಾವ ಪದ ಹಾಕಲಿ? ಸ್ಟ್ರೇಂಜ್ ಅಂದ್ರ ಇದೇನಪಾ ಅಂತ ಮಂದಿ ಬಾಯಿ ತಕ್ಕೊಂಡು ನೋಡೂದು. ಆಡ್ ಅಂದ್ರ ಉಳದವರ ಜೋಡಿ ಹೊಂದದ್ದು. ರೇರ್ ಅಂದ್ರ ಅಪರೂಪ, ಆದ್ರ ಹುಡುಕಿದ್ರ ಇನ್ನೊಂದು ಸಿಗತೈತಿ. ಯುನೀಕ್ ಅಂದ್ರ ಜಗತ್ತಿನ್ಯಾಗ ಒಂದ.”

“ಮೊದಲಿನ ಎರಡನ್ನ ನಿಮ್ಮ ದೊಡ್ಡಪ್ಪ ದಿನಾ ಕನ್ನಡದಾಗ ಅಂತಾರ ಬಿಡು,” ಸಾವಿತ್ರವ್ವ ನಕ್ಕಳು.

ಬೀರದೇವನೂ ನಕ್ಕ. “ಯುನೀಕ್ ಹಾಕು ಮಗಳ. ಭಾಳ ಚಲೋ ಪದ. ನಿಮ್ಮವ್ವ ಒಬ್ಬಾಕಿ ಕತ್ತರಿ ಹಿಡದಳು, ಹಾರ ಹಾಕೋಣು, ಮುಗೀತು. ಇಂಥಾಕಿ ಇನ್ನೊಬ್ಬಾಕಿ ಮಾತ್ರ ಬ್ಯಾಡ.”

ಬೈಗುಳಕ್ಕೆ ಎಂದೂ ನಿಲ್ಲದ ಕತ್ತರಿ ಈಗ ನಿಂತಿತು. ವಿಚಿತ್ರದವಳು ಎಂದವರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಈ ಪದ ಹಾರ ಹಾಕಿ ಒಳಗೆ ಕರೆದು, ಬೇರೆ ಯಾರೂ ಬರದಂತೆ ಅವಳ ಬೆನ್ನ ಹಿಂದೆಯೇ ಅಗಳಿ ಹಾಕುತ್ತಿತ್ತು.

“ಪ್ರಾಜಕ್ತಾ, ಆ ಪದ ಹೊಡದ ಹಾಕು,” ಎಂದಳು. ಆಮೇಲೆ ಉಣ್ಣೆಯ ರಾಶಿಯ ಕಡೆ ತಿರುಗಿ, “ಅಕ್ಕಾ, ಬರ್ರಿ. ಇಲ್ಲಿ ಕುಂದ್ರಿ.”

ಉಣ್ಣೆ ಆರಿಸುತ್ತಿದ್ದ ದುಂಡವ್ವ, ಬೀರದೇವನ ಹೆಂಡತಿ, ತಲೆಯೆತ್ತಿದಳು. “ನನಗ ಬರೂದಿಲ್ಲವ್ವ ತಂಗಿ.”

“ನನಗೂ ಬರ್ತಿದ್ದಿಲ್ಲ.”

“ಏಯ್, ಏನ್ ನಡಸೀರಿ ಇಬ್ಬರೂ!” ಬೀರದೇವ ಗದರಿದ.

ದುಂಡವ್ವ ಗಂಡನ ಮುಖ ನೋಡಿದಳು, ಕುರಿಯನ್ನು ನೋಡಿದಳು. ಸೆರಗನ್ನು ಸೊಂಟಕ್ಕೆ ಬಿಗಿದು ಬಂದು ಕುಳಿತಳು. ಸಾವಿತ್ರವ್ವ ಅವಳ ಕೈಗೆ ಕತ್ತರಿ ಕೊಟ್ಟು, ಮೇಲೆ ತನ್ನ ಕೈಯಿಟ್ಟು ಒಮ್ಮೆ ಒತ್ತಿದಳು. ಆಮೇಲೆ ಕೈ ತೆಗೆದಳು.

ಕುರಿಯ ಕರಿ ಬೆನ್ನ ಮೇಲೆ ಸೊಟ್ಟಗೆ, ಗಿಡ್ಡಗೆ, ಬೋಳು ದಾರಿಯೊಂದು ತೆರೆದುಕೊಂಡಿತು.