ಹೊರೇಸ್ ಪಿಂಚ್‌ಬೆಕ್‌ನ ಕಡೆಯವರು

ಬೈಯಬೇಕೋ ಅಪ್ಪಿಕೊಳ್ಳಬೇಕೋ ಎಂದು ವರ್ನಾ ತೀರ್ಮಾನಿಸುವ ಮೊದಲೇ ಲಂಡನ್ನಿನ ಮುದುಕ ಕಾರಿನಿಂದ ಇಳಿದುಬಿಟ್ಟ. ಕೈ ಚಾಚಿದ. ಅವಳು ಕೈ ಕುಲುಕಿದಳು, ನಗಲಿಲ್ಲ. ವರ್ಷಗಟ್ಟಲೆ ಕಾದಿಟ್ಟ ಬೈಗುಳವನ್ನು ಒಂದು ನಗೆಗೆ ಬಿಟ್ಟುಕೊಡುವ ಹೆಂಗಸಲ್ಲ ಅವಳು.

ಅವನ ಹೆಸರು ಸ್ಟಾನ್ಲಿ ಪಿಂಚ್‌ಬೆಕ್. ಇವಳೂ ಪಿಂಚ್‌ಬೆಕ್. ಒಂಟಾರಿಯೊದ ಈ ಮೂಲೆಯಲ್ಲಿ ಕಲ್ಲೆಸೆದರೆ ಯಾವುದಾದರೊಂದು ಪಿಂಚ್‌ಬೆಕ್ ತಲೆಗೆ ತಾಗುತ್ತದೆ. ಎಲ್ಲ ಹೊರೇಸ್ ಅಜ್ಜನ ಸಂತಾನ.

ಅಜ್ಜನನ್ನು ಎಂಟನೆಯ ವಯಸ್ಸಿಗೆ ಲಂಡನ್ನಿನ ಯಾವುದೋ ಬಡಮಕ್ಕಳ ಆಶ್ರಮದವರು, ಕೋಟಿಗೆ ಹೆಸರಿನ ಚೀಟಿ ಚುಚ್ಚಿ, ನೂರಾರು ಮಕ್ಕಳ ಜೊತೆ ಹಡಗು ಹತ್ತಿಸಿ ಕೆನಡಾಕ್ಕೆ ಸಾಗಹಾಕಿದ್ದರು. ಇಲ್ಲಿಯ ರೈಲು ನಿಲ್ದಾಣದಲ್ಲಿ ಒಬ್ಬ ರೈತ ತೋಳು ಹಿಚುಕಿ ನೋಡಿ ಆರಿಸಿಕೊಂಡ. ಹುಡುಗ ಕೊಟ್ಟಿಗೆಯಲ್ಲಿ ಮಲಗಿದ. ಹಂದಿಗಳ ಊಟವಾದ ಮೇಲೆ ಉಂಡ. ಹೇಗೋ ಬದುಕಿ ಬೆಳೆದು, ಆ ರೈತನ ಮಗಳನ್ನೇ ಹಾರಿಸಿಕೊಂಡು ಹೋಗಿ, ಒಂಬತ್ತು ಮಕ್ಕಳನ್ನು ಹುಟ್ಟಿಸಿ ಸೇಡು ತೀರಿಸಿಕೊಂಡ.

ಅಜ್ಜನಿಗೆ ಕಿವಿ ಮಂದ ಎಂದೇ ಮನೆಯವರ ನಂಬಿಕೆ. ಹೊರೇಸ್ ಎಂದು ಮೂರು ಸಲ ಕೂಗಿದರೆ ಒಮ್ಮೆ ತಿರುಗುತ್ತಿದ್ದ; ಊಟಕ್ಕೆ ಬಾ ಎಂದು ಪಿಸುಗುಟ್ಟಿದರೆ ಮಾತ್ರ ತಕ್ಷಣ ಕೇಳುತ್ತಿತ್ತು. ಲಂಡನ್ನಿನ ಮಾತೆತ್ತಿದರೆ ಎದ್ದು ಹಸು ನೋಡಲು ಹೋಗುತ್ತಿದ್ದ. ಹಸುಗಳನ್ನೆಲ್ಲ ಮಾರಿದ ಮೇಲೂ ಹೋಗುತ್ತಿದ್ದ.

ಅಂಥವನ ಕಡೆಯವರನ್ನು ಹುಡುಕಿ ಮುಖಕ್ಕೆ ಮುಖ ಕೊಟ್ಟು ಕೇಳಬೇಕೆಂಬುದು ಮೊಮ್ಮಗಳು ವರ್ನಾಳ ಹಟ. ಗಂಡ ಸತ್ತ ಮೇಲೆ ಅವಳಿಗೆ ಬೇರೆ ಯಾರ ಮೇಲೂ ಸಿಟ್ಟಾಗುವ ಅವಕಾಶವೂ ಇರಲಿಲ್ಲ. ಲಂಡನ್ನಿನಲ್ಲಿ ಪಿಂಚ್‌ಬೆಕ್ ಎಂಬ ಹೆಸರಿನವರಿಗೆಲ್ಲ ಫೋನು ಮಾಡುತ್ತ ಹೋಗಿ ಕೊನೆಗೆ ಸ್ಟಾನ್ಲಿಯನ್ನು ಹಿಡಿದಳು.

"ಹೊರೇಸ್ ಅನ್ನೋರು ಗೊತ್ತಾ? ಚಿಕ್ಕ ಹುಡುಗ ಆಗಿದ್ದಾಗ ಹಡಗು ಹತ್ತಿಸಿದ್ರಲ್ಲ, ಅವರು."

"ಗೊತ್ತಿಲ್ದೆ ಏನಮ್ಮಾ," ಎಂದಿತು ಮುದುಕನ ದನಿ. "ನಾನೇ ಬರ್ತೀನಿ. ಇದು ಫೋನಲ್ಲಿ ಮಾತಾಡೋ ವಿಷ್ಯ ಅಲ್ಲ."

ಕ್ಷಮೆ ಕೇಳಲು ಬರುತ್ತಿದ್ದಾನೆ ಎಂದು ವರ್ನಾ ಊರಿಗೆಲ್ಲ ಸಾರಿದಳು. ಅದೇ ದಿನಕ್ಕೆ ಇಡೀ ಕುಟುಂಬವನ್ನು ಕರೆದಳು. ಚರ್ಚಿನ ಹಿಂದೆ ಅಜ್ಜನ ಸಮಾಧಿಗೆ ಹೊಸ ಕಲ್ಲು ಹಾಕಿಸಿದಳು. ಕರಿಯ ಗ್ರಾನೈಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ: 'ಹೊರೇಸ್ ಪಿಂಚ್‌ಬೆಕ್. ಹೆತ್ತವರು ತೊರೆದರೂ ಹೆಸರು ತೊರೆಯದವನು.'

"ಊಟ ಆದ್ಮೇಲಾದ್ರೂ ಬೈಯೇ ಮಾರಾಯ್ತಿ," ಎಂದ ಅವಳ ದೊಡ್ಡಪ್ಪನ ಮಗ ಲಾರ್ನ್, ಬಾಯಿತುಂಬ ಬೆಣ್ಣೆಯ ಕಡುಬು ತುಂಬಿಕೊಂಡು. "ಖಾಲಿ ಹೊಟ್ಟೇಲಿ ಬೈದ್ರೆ ಇಲ್ಲೇ ಸತ್ತುಗಿತ್ತಾನು. ಇನ್ನೊಂದು ಕಲ್ಲಿನ ಖರ್ಚು."

"ಅಜ್ಜ ಖಾಲಿ ಹೊಟ್ಟೇಲೇ ಬಂದಿದ್ದು ಕಣೋ."

ಸ್ಟಾನ್ಲಿ ಯಾವುದನ್ನೂ ತಿನ್ನಲಿಲ್ಲ. ಚರ್ಚಿನ ಸಭಾಂಗಣದಲ್ಲಿಟ್ಟ ಅಜ್ಜನ ಫೋಟೋ ಮುಂದೆ ನಿಂತವನು ಕದಲಲಿಲ್ಲ.

"ಹೀಗಿದ್ನಾ!" ಎಂದ. "ಎಷ್ಟು ಎತ್ತರ! ನಮ್ಮಲ್ಲಿ ಎಲ್ಲ ಮೋಟು."

"ಇಲ್ಲಿ ಹಾಲಿತ್ತು," ಎಂದಳು ವರ್ನಾ.

"ಹೊಟ್ಟೆ ತುಂಬ ಊಟ ಸಿಕ್ತಾ ಅಮ್ಮ, ಇವನಿಗೆ?"

"ಕೊನೆಗೆ ಸಿಕ್ತು. ನಿಮ್ಮೋರು ಹಾಕಿದ್ದಲ್ಲ."

ಮುದುಕ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. "ಸದ್ಯ. ಅಷ್ಟು ಕೇಳಿದ್ರೆ ಸಾಕಿತ್ತು ನಂಗೆ."

ನಾಟಕ, ಎಂದುಕೊಂಡಳು ವರ್ನಾ.

ಎಲ್ಲರೂ ಸಮಾಧಿಯ ಸುತ್ತ ಸೇರಿದರು. ಲಾರ್ನ್ ಕಲ್ಲಿನ ಮೇಲಿನ ಬಟ್ಟೆ ಎಳೆದ. ಚಪ್ಪಾಳೆಯಾಯಿತು. ಸ್ಟಾನ್ಲಿ ಕಲ್ಲನ್ನು ಓದಿ, ಕನ್ನಡಕ ಒರೆಸಿ ಮತ್ತೆ ಓದಿದ. ತುಟಿ ಅಲುಗಿತು. ನಕ್ಕನೆಂದು ವರ್ನಾಳಿಗೆ ಅನುಮಾನ ಬಂತು. ಅಲ್ಲಿಗೆ ಕಟ್ಟೆ ಒಡೆಯಿತು.

"ನಗ್ತೀರೇನ್ರೀ? ಎಂಟು ವರ್ಷದ ಮಗು! ಬೆಕ್ಕಿನ ಮರೀನ ಗೋಣೀಲಿ ಹಾಕಿ ಊರಾಚೆ ಬಿಟ್ಟು ಬರೋ ಹಾಗೆ ಸಮುದ್ರದಾಚೆ ಬಿಟ್ರಲ್ಲ! ಕೊಟ್ಟಿಗೇಲಿ ಮಲಗ್ತಿತ್ತು ರೀ ಅದು. ಬೆರಳು ಚಳಿಗೆ ಸೆಟೆದು ಎರಡು ಉಗುರು ಉದುರಿಹೋಗಿದ್ವು. ಸಾಯೋತನಕ ತಟ್ಟೇಲಿ ಒಂದು ಅಗುಳು ಬಿಟ್ಟೋರಲ್ಲ ನಮ್ಮಜ್ಜ. ಹೆತ್ತ ತಾಯಿ ಅನ್ನೋಳು ಒಂದು ದಿನ, ಒಂದೇ ಒಂದು ದಿನ ಆದ್ರೂ ಅತ್ಲಾ ಹೊರೇಸ್‌ಗೋಸ್ಕರ?"

"ಅತ್ಲು ಅಮ್ಮ," ಎಂದ ಸ್ಟಾನ್ಲಿ. "ಅವನು ಮನೆಗೆ ವಾಪಸ್ ಬಂದ ದಿನ."

ಲಾರ್ನ್ ಅಗಿಯುವುದನ್ನು ನಿಲ್ಲಿಸಿದ. ಹುಟ್ಟಿದಾಗಿನಿಂದ ಅವನು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಯಾರು ವಾಪಸ್ ಬಂದಿದ್ದು?" ಎಂದಳು ವರ್ನಾ.

"ಹೊರೇಸು. ನಮ್ಮಪ್ಪ."

ಅವಳು ಕಲ್ಲನ್ನು ಹಿಡಿದುಕೊಂಡು ನಿಂತಳು.

"ಹಡಗು ಹತ್ತೋಕೆ ಸಾಲಲ್ಲಿ ನಿಂತು ಅಮ್ಮ ಬೇಕು ಅಂತ ಅಳ್ತಿದ್ರಂತೆ," ಎಂದ ಮುದುಕ, ಕಲ್ಲಿನತ್ತಲೇ ನೋಡುತ್ತ. "ಬಂದರಲ್ಲಿ ಅಲೀತಿದ್ದ ಒಬ್ಬ ಹುಡುಗ, ಕಾಲಿಗೆ ಬೂಟಿಲ್ಲ, ಹತ್ರ ಬಂದು ಕೇಳಿದ್ನಂತೆ, ಅಲ್ಲಿ ಊಟ ಹಾಕ್ತಾರಾ ಅಂತ. ಹಾಕ್ತಾರಂತೆ ಅಂದ್ರು ಅಪ್ಪ. ಕೋಟು, ಟೋಪಿ, ಬೂಟು, ಚೀಟಿ ಎಲ್ಲ ಬಿಚ್ಚಿ ಅವನಿಗೆ ಹಾಕಿ ಮನೆಗೆ ಓಡಿಬಿಟ್ರು. ಆಶ್ರಮದೋರು ತಲೆ ಎಣಿಸಿದ್ರು, ಸರಿಹೋಯ್ತು. ಮನೇಲಿ ನಮ್ಮಜ್ಜಿ ಎರಡೂ ಕೈಲಿ ಹೊಡೆದು, ಆಮೇಲೆ ಅಪ್ಪಿಕೊಂಡು ಅತ್ಲಂತೆ. ಅಪ್ಪಂಗೆ ಮಾತ್ರ ಊಟಕ್ಕೆ ಕೂತಾಗೆಲ್ಲ ಅವನದೇ ಚಿಂತೆ. ಸಾಯೋವಾಗ ನನ್ನ ಕೈ ಹಿಡ್ಕೊಂಡು, ಅವನ ಕಡೆಯೋರು ಯಾರಾದ್ರೂ ಇದ್ರೆ ಹುಡುಕು ಕಣೋ, ಅವಸರದಲ್ಲಿ ಒಂದು ಮಾತು ಕೇಳೋದೇ ಮರೆತೆ ಅಂದ್ರು."

ಅವನು ಟೋಪಿ ತೆಗೆದ. ನೆರೆದ ಪಿಂಚ್‌ಬೆಕ್ಕುಗಳನ್ನೆಲ್ಲ ಒಮ್ಮೆ ನೋಡಿ, ವರ್ನಾಳತ್ತ ತಿರುಗಿದ.

"ಆ ಹುಡುಗನ ಹೆಸರೇನಮ್ಮಾ?"