ಬಟ್ಟಲು ನೀರು

"ಅಸಲು ಪ್ರತಿ ತಂದಿದೀರಾ?" ಅಪರಿಚಿತಳನ್ನು ಕೇಳುವಂತೆ ಅಪ್ಪ ಮೊನ್ಸೆಫ್ ಕೇಳಿದ. ಸ್ಫಾಕ್ಸ್ ನಗರಸಭೆಯಲ್ಲಿ ಜನರ ನಕಲು ಪ್ರತಿಗಳಿಗೆ ಮೊಹರು ಒತ್ತುವುದು ಅವನ ಕೆಲಸ. ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಎಂ.ಎಸ್‌ಸಿ.ಗೆ ಅರ್ಜಿ ಹಾಕುತ್ತೇನೆಂದು ರಿಹೆಮ್ ಹೇಳಿದ ದಿನದಿಂದ ಅವನು ಮಗಳ ಜೊತೆ ಮಾತು ಬಿಟ್ಟಿದ್ದ.

"ತಂದಿದೀನಿ ಬಾಬಾ."

"ಇಲ್ಲಿ ಬಾಬಾ ಯಾರೂ ಇಲ್ಲ. ಗುಮಾಸ್ತ ಇದಾನೆ."

ಸಾಲಿನಲ್ಲಿ ಹಿಂದೆ ನಿಂತಿದ್ದ ಮುದುಕಿ ಜರ್ಮನಿಯ ಅರ್ಜಿಯತ್ತ ಇಣುಕಿ ನಕ್ಕಳು. "ಹೊರಡೋ ದಿನ ಹಿಂದೆ ನೀರು ಚೆಲ್ಲೋದು ಮರೀಬೇಡಪ್ಪ. ಚೆಲ್ಲಿದ್ರೆ ತಿರುಗಿ ಬರ್ತಾಳೆ."

"ಅದು ಹೋಗೋರಿಗೆ. ಇವಳೆಲ್ಲಿ ಹೋಗ್ತಾಳೆ?"

ಅಂಕಪಟ್ಟಿಯ ಸಾಲು ಸಾಲಿಗೂ ಬೆರಳಿಟ್ಟು ಅವನು ಹೋಲಿಸಿ ನೋಡಿದ. ಸ್ಟಾಂಪು ಅಂಟಿಸಲು ಪಕ್ಕದ ಬಟ್ಟಲ ನೀರಿಗೆ ಬೆರಳದ್ದಿದ. ಆಮೇಲೆ ಮೊಹರು ಬೀಳತೊಡಗಿತು. ಆ ಸದ್ದಿಗೆ ರಿಹೆಮ್‌ಗೆ ಮಂಪರು ಕವಿದಂತಾಯಿತು. ಮೊಹರಿನ ನೇರಳೆ ಬಳೆಗಳು ಒಂದೊಂದಾಗಿ ಕಾಗದ ಬಿಟ್ಟೆದ್ದು, ಕಿಟಕಿಯ ಬಿಸಿಲಲ್ಲಿ ತೇಲುತ್ತ, ತಾನಿನ್ನೂ ಕಾಣದ ಊರಿನತ್ತ ಹೊರಟ ಹಾಗೆ ಕಂಡವು.

"ಮುಂದಿನವರು ಬನ್ನಿ" ಎಂದ ಅಪ್ಪ.

ಕಾಗದಗಳನ್ನು ಎದೆಗವುಚಿಕೊಂಡು ಅವಳು ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಮ್ಮಡಿಗೆ ತಣ್ಣಗೇನೋ ತಾಕಿತು. ತಿರುಗಿ ನೋಡಿದಳು. ಅಪ್ಪ ಕೌಂಟರು ದಾಟಿ ಬಂದು ನಿಂತಿದ್ದ. ಅವನ ಕೈಯ ಬಟ್ಟಲಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.